ಹಡಗು ಕಟ್ಟಿದ ಕೈಗಳ ಲೆಕ್ಕ

ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದಲ್ಲಿ, ಮೆಡ್ವೇ ನದಿಯ ದಂಡೆಯ ಚಾಟಮ್‌ನಲ್ಲಿ, ಇವತ್ತಿಗೂ ಹಗ್ಗ ಹೊಸೆಯುತ್ತಾರೆ. ಹಗ್ಗ ಹೊಸೆಯುವ ಆ ಇಟ್ಟಿಗೆಯ ಕಟ್ಟಡ ಈ ತುದಿಯಿಂದ ಆ ತುದಿಗೆ 346 ಮೀಟರ್. ಒಳಗೆ ನಿಂತು ನೋಡಿದರೆ ಕಂಬಗಳ ಸಾಲು ದೂರದಲ್ಲಿ ಒಂದು ಚುಕ್ಕೆಯಾಗಿ ಕೂಡಿಕೊಳ್ಳುತ್ತದೆ. ಇಷ್ಟು ಉದ್ದ ಶೋಕಿಗೆ ಕಟ್ಟಿದ್ದಲ್ಲ. ಹುರಿಗಳನ್ನು ನೆಲದುದ್ದಕ್ಕೂ ಬಿಗಿದು, ಒಂದು ಕೊನೆಯಿಂದ ತಿರುಚುತ್ತ ಬಂದಂತೆ ಹಗ್ಗ ಕುಗ್ಗುತ್ತ ಹೋಗುತ್ತದೆ. ಗಂಟಿಲ್ಲದೆ, ಒಂದೇ ತುಂಡಾಗಿ ನೂರು ಮಾರಿಗೂ ಮೀರಿದ ಹಗ್ಗ ಬೇಕೆಂದರೆ ಅದಕ್ಕಿಂತ ಎಷ್ಟೋ ಉದ್ದದ ಅಂಗಳ ಬೇಕು. ಹದಿನೆಂಟನೇ ಶತಮಾನದ ಕೊನೆಯಲ್ಲಿ ಬ್ರಿಟಿಷ್ ನೌಕಾಪಡೆಗೆ ಅಂಥ ಹಗ್ಗ ಮೈಲಿಗಟ್ಟಲೆ ಬೇಕಿತ್ತು. ವಿಕ್ಟರಿ ಎಂಬ ಒಂದೇ ಹಡಗಿನ ಹಾಯಿ, ಕೂವೆಮರ, ಲಂಗರುಗಳಿಗೆ ಹಿಡಿದ ಹಗ್ಗ ಸುಮಾರು 30 ಮೈಲಿ.

ಆ ಕಾಲದ ಸರ್ಕಾರಿ ಹಗ್ಗಗಳಲ್ಲಿ ಒಂದು ಗುಟ್ಟಿತ್ತು. ಹೊಸೆಯುವಾಗಲೇ ನೂರಾರು ಎಳೆಗಳ ನಡುವೆ ಬೇರೆ ಬಗೆಯ ಒಂದು ಎಳೆಯನ್ನು ಸೇರಿಸಿಬಿಡುತ್ತಿದ್ದರು. ಹಗ್ಗವನ್ನು ಯಾರಾದರೂ ಕದ್ದು ಹೊರಗೆ ಮಾರಿದರೆ, ತುದಿ ಬಿಚ್ಚಿ ನೋಡಿದಾಕ್ಷಣ ಇದು ಅರಸನ ಮಾಲು ಎಂದು ಗೊತ್ತಾಗಬೇಕು, ಅದಕ್ಕೆ. ಹಗ್ಗ ಹೊಸೆದವನೇ ತನ್ನನ್ನು ಹಿಡಿದುಕೊಡುವ ಸಾಕ್ಷಿಯನ್ನೂ ಹೊಸೆಯಬೇಕಿತ್ತು. ಚಾಟಮ್‌ನ ಚರಿತ್ರೆಯನ್ನು ಸಾಮಾನ್ಯವಾಗಿ ಹಡಗುಗಳ ಹೆಸರಿನಿಂದ, ಅಡ್ಮಿರಲ್‌ಗಳ ಹೆಸರಿನಿಂದ ಹೇಳುತ್ತಾರೆ. ನನಗೆ ಅದಕ್ಕಿಂತ ಈ ಎಳೆ ಮುಖ್ಯವಾಗಿ ಕಾಣುತ್ತದೆ. ಒಂದು ಕಾಲದ ನೌಕಾಂಗಣವನ್ನು ಉಳಿಸುವುದೆಂದರೆ ಅಲ್ಲಿನ ಗೋಡೆ, ಗೋಪುರ, ಗಡಿಯಾರಗಳನ್ನು ಸುಣ್ಣ ಬಳಿದು ಇಡುವುದಷ್ಟೇ ಆದರೆ ಈ ಎಳೆ ಕಾಣೆಯಾಗುತ್ತದೆ. ಅಲ್ಲಿ ನಡೆದ ಕಸುಬು, ಆ ಕಸುಬು ಮಾಡಿದವರು, ಅದಕ್ಕೆ ತೆತ್ತ ಬೆಲೆ ಇವು ಉಳಿಯದಿದ್ದರೆ ಉಳಿದದ್ದು ಬರಿಯ ಇಟ್ಟಿಗೆ. ಚಾಟಮ್ ಈ ಪರೀಕ್ಷೆಯಲ್ಲಿ ಅರ್ಧ ಗೆದ್ದಿದೆ. ಉಳಿದರ್ಧದ ಬಗ್ಗೆ ನಾವೂ ಯೋಚಿಸಬೇಕಾದ ಕಾರಣವಿದೆ.

1547ರಲ್ಲಿ ನೌಕಾಪಡೆ ಮೆಡ್ವೇ ದಂಡೆಯಲ್ಲಿ ಒಂದು ಉಗ್ರಾಣವನ್ನು ಬಾಡಿಗೆಗೆ ಹಿಡಿಯಿತು. ಚಾಟಮ್ ಶುರುವಾದದ್ದು ಅಷ್ಟರಿಂದ. ನದಿಯ ಕೆಸರು ತಳ ಹಡಗುಗಳನ್ನು ಬರಿದಾಗಿಸಿ ತಳ ಉಜ್ಜಲು ಅನುಕೂಲ, ಥೇಮ್ಸ್ ಮುಖ ಹತ್ತಿರ, ಡಚ್ಚರ ಕಡೆಗೆ ಮುಖ. ನಲವತ್ತು ವರ್ಷದೊಳಗೆ ಇಲ್ಲಿ ಹಡಗು ಕಟ್ಟತೊಡಗಿದರು. 1667ರ ಜೂನ್‌ನಲ್ಲಿ ಡಚ್ ನೌಕಾಪಡೆ ಅದೇ ನದಿಯೊಳಗೆ ನುಗ್ಗಿ, ಅಡ್ಡ ಕಟ್ಟಿದ್ದ ಸರಪಳಿ ದಾಟಿ, ಲಂಗರು ಹಾಕಿ ನಿಂತಿದ್ದ ಹಡಗುಗಳನ್ನು ಸುಟ್ಟಿತು; ರಾಜನ ಹೆಸರಿನದೇ ಆದ ರಾಯಲ್ ಚಾರ್ಲ್ಸ್ ಹಡಗನ್ನು ಎಳೆದುಕೊಂಡು ಹೋಯಿತು. ಅದರ ಹಿಂಬದಿಯ ಕೆತ್ತನೆ ಇವತ್ತಿಗೂ ಆಮ್‌ಸ್ಟರ್‌ಡ್ಯಾಮಿನ ವಸ್ತುಸಂಗ್ರಹಾಲಯದಲ್ಲಿದೆ. ಸೋತವರ ನೆನಪನ್ನು ಗೆದ್ದವರು ಇಷ್ಟು ಜೋಪಾನವಾಗಿ ಕಾದಿಟ್ಟ ಉದಾಹರಣೆ ಹೆಚ್ಚಿಲ್ಲ.

1759ರಲ್ಲಿ ಚಾಟಮ್‌ನ ಒಣ ಡಾಕಿನಲ್ಲಿ ವಿಕ್ಟರಿಯ ಅಡಿಮರ ಇಟ್ಟರು, 1765ರಲ್ಲಿ ನೀರಿಗಿಳಿಸಿದರು. ನಡುವಿನ ವರ್ಷಗಳಲ್ಲಿ ಮರದ ಚೌಕಟ್ಟು ಬಿಸಿಲು ಮಳೆಗೆ ಹಣ್ಣಾಗುತ್ತ ನಿಂತಿತ್ತು. ಆ ಹಡಗು ಇಷ್ಟು ಕಾಲ ಬಾಳಿದ್ದಕ್ಕೆ ಆ ನಿಧಾನವೂ ಕಾರಣ ಎನ್ನುತ್ತಾರೆ. ಸುಮಾರು ಆರು ಸಾವಿರ ಮರ ಹಿಡಿದಿದೆ, ಹೆಚ್ಚಿನವು ಓಕ್. ಹಡಗಿನ ಪಕ್ಕೆಯ ಡೊಂಕುಗಳನ್ನು ಪೂರ್ಣ ಅಳತೆಯಲ್ಲಿ ಗೀಚಿ ಅಚ್ಚು ತೆಗೆಯುತ್ತಿದ್ದ ಮಹಡಿಯ ಮರದ ನೆಲ ಇನ್ನೂ ಇದೆ. ಆ ನೆಲದ ಮೇಲೆ ಮಂಡಿಯೂರಿ ಗೆರೆ ಎಳೆದವರ ಹೆಸರು ಶಾಲಾ ಪಠ್ಯಗಳಲ್ಲಿಲ್ಲ. ಟ್ರಫಾಲ್ಗರ್ ಕದನದಲ್ಲಿ ವಿಕ್ಟರಿಯ ಮೇಲೆ ಸತ್ತ ನೆಲ್ಸನ್ ಮಾತ್ರ ಎಲ್ಲರಿಗೂ ಗೊತ್ತು.

ಹಾಯಿಯ ಕಾಲ ಮುಗಿದಾಗ ಚಾಟಮ್ ಮುಗಿಯಬೇಕಿತ್ತು. ಮುಗಿಯಲಿಲ್ಲ. 1863ರಲ್ಲಿ ಸರ್ಕಾರಿ ಡಾಕ್‌ಯಾರ್ಡೊಂದರಲ್ಲಿ ಕಟ್ಟಿದ ಮೊಟ್ಟಮೊದಲ ಕಬ್ಬಿಣದ ಯುದ್ಧನೌಕೆ ಅಕಿಲೀಸ್ ಇಲ್ಲಿಂದಲೇ ಹೊರಟಿತು. ಕಬ್ಬಿಣದ ಕೆಲಸಕ್ಕೆಂದು ಹೊರಗಿನಿಂದ ಕರೆಸಿದ ಕಾರ್ಮಿಕರು ಮುಷ್ಕರ ಹೂಡಿದಾಗ ಆಡಳಿತ ಅವರನ್ನು ಕಳಿಸಿ, ಹಳೆಯ ಹಡಗು ಬಡಗಿಗಳಿಗೇ ಕಬ್ಬಿಣ ಬಗ್ಗಿಸುವುದನ್ನು ಕಲಿಸಿತು. ಉಳಿ, ಬಾಚಿ ಹಿಡಿದ ಕೈ ರಿವೆಟ್ ಹೊಡೆಯುವುದನ್ನು ಕಲಿತದ್ದು ಹೀಗೆ. ಇದನ್ನು ಬಡಗಿಗಳ ಜಾಣತನ ಎಂದು ಹೊಗಳುವಾಗ, ಇನ್ನೊಂದು ಗುಂಪಿನ ಮುಷ್ಕರವನ್ನು ಮುರಿದ ಕತೆಯೂ ಇದೇ ಎಂಬುದನ್ನು ಮರೆಯಬಾರದು. ಇಪ್ಪತ್ತನೇ ಶತಮಾನದಲ್ಲಿ ಸರದಿ ಜಲಾಂತರ್ಗಾಮಿಗಳದು: 1908ರಿಂದ 1966ರವರೆಗೆ ಐವತ್ತಕ್ಕೂ ಹೆಚ್ಚು. ಬ್ರಿಟಿಷ್ ನೌಕಾಪಡೆಗಾಗಿ ಇಲ್ಲಿ ಕಟ್ಟಿದ ಕೊನೆಯದು 1962ರಲ್ಲಿ ನೀರಿಗಿಳಿದ ಆಸಿಲಾಟ್. ಅದಾದ ಮೇಲೆ ಕೆನಡಾಕ್ಕೆ ಕಟ್ಟಿಕೊಟ್ಟರು. ನಂತರ ಪರಮಾಣು ಜಲಾಂತರ್ಗಾಮಿಗಳ ದುರಸ್ತಿ. ಓಕ್‌ನಿಂದ ಯುರೇನಿಯಂವರೆಗೆ ಒಂದೇ ಅಂಗಳದಲ್ಲಿ.

1981ರ ಜೂನ್‌ನಲ್ಲಿ ರಕ್ಷಣಾ ಸಚಿವ ಜಾನ್ ನಾಟ್ ಈ ಯಾರ್ಡನ್ನು ಮುಚ್ಚುವ ತೀರ್ಮಾನ ಪ್ರಕಟಿಸಿದರು. ಮರುವರ್ಷವೇ ಫಾಕ್‌ಲೆಂಡ್ ಯುದ್ಧ ಬಂತು, ಹಡಗುಗಳು ಬೇಕಾದವು, ಡಾಕ್‌ಯಾರ್ಡುಗಳು ಹಗಲಿರುಳು ದುಡಿದವು. ಚಾಟಮ್‌ನ ತೀರ್ಪು ಮಾತ್ರ ಬದಲಾಗಲಿಲ್ಲ. 1984ರ ಮಾರ್ಚ್ 31ರಂದು ನೌಕಾಪಡೆ ಹೊರಟುಹೋಯಿತು. ಏಳು ಸಾವಿರದಷ್ಟು ಜನರ ಕೆಲಸ ಹೋಯಿತು. ತಲೆತಲಾಂತರದಿಂದ ಅಪ್ಪ, ಮಗ, ಮೊಮ್ಮಗ ಒಂದೇ ಗೇಟಿನೊಳಗೆ ಹೋಗಿಬಂದ ಊರುಗಳವು.

ಆ ಮುಚ್ಚುವಿಕೆಯಲ್ಲಿ ನನ್ನ ಮೆಚ್ಚುಗೆಗೆ ಪಾತ್ರವಾದ ಒಂದು ಸಂಗತಿಯಿದೆ. ಸುಮಾರು 400 ಎಕರೆಯ ಅಂಗಳವನ್ನು ಮೂರು ಭಾಗ ಮಾಡಿದರು. ಹಡಗು ನಿಲ್ಲುವ ಕೊಳಗಳಲ್ಲಿ ಒಂದು ವಾಣಿಜ್ಯ ಬಂದರಾಯಿತು. ದೊಡ್ಡದೊಂದು ಭಾಗ ಮನೆ, ಕಚೇರಿಗಳಿಗೆ ಹೋಯಿತು. ಹಳೆಯ ಕಟ್ಟಡಗಳಿದ್ದ 80 ಎಕರೆಯನ್ನು ಒಂದು ಸ್ವತಂತ್ರ ಟ್ರಸ್ಟಿಗೆ ಒಪ್ಪಿಸಿದರು, ಜೊತೆಗೆ ಒಂದು ಕೋಟಿ ಪೌಂಡಿಗೂ ಮೀರಿದ ಮೂಲಧನ. ಬರಿಗೈಯಲ್ಲಿ ಕೊಡಲಿಲ್ಲ ಎಂಬುದನ್ನು ಗಮನಿಸಬೇಕು. ಪರಂಪರೆಯ ಮಾತು ಬಂದಾಗಲೆಲ್ಲ ಸರ್ಕಾರಗಳು ಮಾಡುವ ಮೊದಲ ಕೆಲಸ ಫಲಕ ನೆಡುವುದು, ಎರಡನೆಯದು ಮರೆಯುವುದು. ಇಲ್ಲಿ ಸೂರು ಸೋರುವ ಮೊದಲೇ ದುರಸ್ತಿಯ ದುಡ್ಡು ಇಟ್ಟರು. ಥೇಮ್ಸ್ ದಡದ ಡೆಟ್‌ಫರ್ಡ್‌ನ ಗತಿ ನೋಡಿ. ಎಂಟನೇ ಹೆನ್ರಿ 1513ರಲ್ಲಿ ಸ್ಥಾಪಿಸಿದ ಆ ಡಾಕ್‌ಯಾರ್ಡ್ 1869ರಲ್ಲಿ ಮುಚ್ಚಿತು, ಆಮೇಲೆ ದನದ ಸಂತೆಯಾಯಿತು, ಇವತ್ತು ಅದರ ಬಹುಭಾಗ ನೆಲದಡಿ ಹೂತುಹೋಗಿದೆ, ಮೇಲೆ ಬಹುಮಹಡಿ ಮನೆಗಳ ಯೋಜನೆ. ಚಾಟಮ್‌ಗೂ ಡೆಟ್‌ಫರ್ಡ್‌ಗೂ ಇರುವ ವ್ಯತ್ಯಾಸ ಚರಿತ್ರೆಯ ಮಹತ್ವದಲ್ಲಿಲ್ಲ. ಮುಚ್ಚುವ ಕಾಗದಕ್ಕೆ ಸಹಿ ಹಾಕುವಾಗಲೇ ಉಳಿಸುವ ಕಾಗದವೂ ಮೇಜಿನ ಮೇಲಿತ್ತೇ ಎಂಬುದರಲ್ಲಿದೆ.

ಇಲ್ಲಿ ಒಂದು ನ್ಯಾಯವಾದ ತಕರಾರು ಏಳುತ್ತದೆ. ಈ ಅಂಗಳ ಕಟ್ಟಿದ್ದು ಸಾಮ್ರಾಜ್ಯದ ಆಯುಧಗಳನ್ನು. ಆ ಹಡಗುಗಳ ಫಿರಂಗಿ ಯಾರ ಕಡೆಗೆ ಮುಖ ಮಾಡಿದ್ದವು ಎಂಬುದು ನಮಗೆ ಪುಸ್ತಕ ಓದಿ ತಿಳಿಯಬೇಕಾದ ಸಂಗತಿಯೇನಲ್ಲ. 1780ರ ಕೊನೆಯಲ್ಲಿ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಮಂಗಳೂರಿಗೆ ಬಂದು ಹೈದರ್ ಅಲಿ ಕಟ್ಟಿಸಿದ್ದ ಯುದ್ಧನೌಕೆಗಳನ್ನು ನಾಶ ಮಾಡಿದ. ಹೈದರನ ಹಡಗುಗಳು ನಿಲ್ಲುತ್ತಿದ್ದ ಹೊನ್ನಾವರದಲ್ಲಿ, ಮಂಗಳೂರಿನಲ್ಲಿ ಆ ನೌಕಾಬಲವನ್ನು ನೆನಪಿಸುವಂಥದ್ದು ಇವತ್ತು ಎಷ್ಟಿದೆ? ಗೆದ್ದವರ ಡಾಕ್‌ಯಾರ್ಡಿಗೆ ಟ್ರಸ್ಟು, ಸೋತವರ ಡಾಕ್‌ಯಾರ್ಡಿಗೆ ಮರಳು. ಹಾಗಿರುವಾಗ ಚಾಟಮ್‌ನ ಉಳಿವಿನ ಬಗ್ಗೆ ಕನ್ನಡದ ಓದುಗ ಯಾಕೆ ತಲೆ ಕೆಡಿಸಿಕೊಳ್ಳಬೇಕು?

ಈ ತಕರಾರನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅದೇ ತಕರಾರು ನನ್ನನ್ನು ತದ್ವಿರುದ್ಧ ತೀರ್ಮಾನಕ್ಕೆ ತಂದು ನಿಲ್ಲಿಸುತ್ತದೆ. ಮೆಡ್ವೇ ನದಿ ಸಮುದ್ರ ಸೇರುವಲ್ಲಿ ಶಿಯರ್ನೆಸ್ ಎಂಬ ಇನ್ನೊಂದು ಡಾಕ್‌ಯಾರ್ಡ್ ಇತ್ತು, ಚಾಟಮ್‌ನ ತಮ್ಮನಿದ್ದಂತೆ. ಅಲ್ಲಿ 1865ರಿಂದ ಒಂದು ಹಳೆಯ ಹಡಗಿನ ಒಡಲನ್ನು ಜೆಟ್ಟಿಯಾಗಿ ಬಳಸುತ್ತಿದ್ದರು. ಹಡಗಿನ ಹೆಸರು ಕಾರ್ನ್‌ವಾಲಿಸ್. 74 ಫಿರಂಗಿಗಳ ಆ ಯುದ್ಧನೌಕೆ 1813ರಲ್ಲಿ ಕಟ್ಟಿದ್ದು, ಕಟ್ಟಿದ್ದು ಮುಂಬೈಯ ಡಾಕ್‌ಯಾರ್ಡಿನಲ್ಲಿ, ಕಟ್ಟಿದವರು ಪಾರ್ಸಿ ವಾಡಿಯಾ ಮನೆತನದ ಮೇಸ್ತ್ರಿಗಳು, ಮರ ಪಶ್ಚಿಮ ಘಟ್ಟದ ತೇಗ. ಮೊದಲ ಅಫೀಮು ಯುದ್ಧದ ಕೊನೆಗೆ, 1842ರ ಆಗಸ್ಟ್‌ನಲ್ಲಿ, ಚೀನಾದಿಂದ ಹಾಂಗ್‌ಕಾಂಗನ್ನು ಕಿತ್ತುಕೊಂಡ ನಾನ್‌ಕಿಂಗ್ ಒಪ್ಪಂದಕ್ಕೆ ಸಹಿ ಬಿದ್ದದ್ದು ಇದೇ ಹಡಗಿನ ಮೇಲೆ. ಆಮೇಲೆ ತೊಂಬತ್ತು ವರ್ಷಕ್ಕೂ ಹೆಚ್ಚು ಕಾಲ ಇಂಗ್ಲೆಂಡಿನ ಕೆಸರಲ್ಲಿ ಜನ ಅದರ ಮೇಲೆ ನಡೆದಾಡಿದರು. 1957ರಲ್ಲಿ ಒಡೆದುಹಾಕಿದರು. ಇನ್ನು ಮೂರು ವರ್ಷಕ್ಕೆ ಶಿಯರ್ನೆಸ್ ಯಾರ್ಡೇ ಮುಚ್ಚಿತು.

ಬ್ರಿಟನ್ನಿನ ಓಕ್ ಕಾಡುಗಳು ಬರಿದಾಗುತ್ತಿದ್ದ ಕಾಲದಲ್ಲಿ ನೌಕಾಪಡೆಗೆ ನಮ್ಮ ತೇಗದ ಗುಣ ಗೊತ್ತಾಯಿತು. ಓಕ್‌ನ ಆಮ್ಲ ಕಬ್ಬಿಣದ ಮೊಳೆಯನ್ನು ತಿಂದುಹಾಕುತ್ತದೆ. ತೇಗದ ಎಣ್ಣೆ ಅದನ್ನು ಕಾಯುತ್ತದೆ. ಹುಳುವಿನ ಕಾಟ ಕಡಿಮೆ, ಕೊಳೆಯುವುದು ನಿಧಾನ. ಅಷ್ಟು ಸಾಕಾಯಿತು. 1806ರಲ್ಲಿ ಕಂಪನಿ ಸರ್ಕಾರ ವಾಟ್ಸನ್ ಎಂಬ ಪೊಲೀಸ್ ಕ್ಯಾಪ್ಟನ್ನನನ್ನು ಮಲಬಾರ್ ಮತ್ತು ತಿರುವಾಂಕೂರಿನ ಅರಣ್ಯ ಸಂರಕ್ಷಣಾಧಿಕಾರಿಯಾಗಿ ನೇಮಿಸಿತು. ಸಂರಕ್ಷಣೆ ಎಂದರೆ ತೇಗವೆಲ್ಲ ಸರ್ಕಾರದ್ದು, ಬೇರೆ ಯಾರೂ ಕಡಿಯುವಂತಿಲ್ಲ ಎಂದು. ಮರ ವ್ಯಾಪಾರಿಗಳೂ ರೈತರೂ ಇದರಿಂದ ರೋಸಿಹೋದರು. 1823ರಲ್ಲಿ, ಹಿಂದೆ ಕೆನರಾದ ಕಲೆಕ್ಟರಾಗಿದ್ದು ಆಗ ಮದ್ರಾಸಿನ ಗವರ್ನರಾಗಿದ್ದ ಥಾಮಸ್ ಮನ್ರೋನ ಆಡಳಿತದಲ್ಲಿ, ಆ ಹುದ್ದೆಯನ್ನೇ ರದ್ದು ಮಾಡಿದರು. ನಮ್ಮ ಕಾಡಿಗೂ ಕಾಡಿನಂಚಿನ ಜನರಿಗೂ ನಡುವೆ ಇವತ್ತಿನವರೆಗೆ ನಡೆದುಬಂದಿರುವ ಜಗಳದ ಒಂದು ಬೇರು ಹಡಗಿನ ಅಡಿಮರದಲ್ಲಿದೆ.

ಹಾಗಾಗಿ ಮೆಡ್ವೇ ದಡದ ಯಾರ್ಡುಗಳು ಬರಿಯ ಬ್ರಿಟಿಷರ ಮನೆಮಾತಲ್ಲ. ಅವನ್ನು ಅಳಿಸಿದರೆ ನಮ್ಮ ಸಾಕ್ಷಿಯೂ ಅಳಿಯುತ್ತದೆ. ಸಾಮ್ರಾಜ್ಯದ ತಪ್ಪನ್ನು ಕಣ್ಣಿಗೆ ಕಾಣುವಂತೆ ತೋರಿಸಲು ಸಾಮ್ರಾಜ್ಯ ತನ್ನ ಆಯುಧ ಹದ ಮಾಡಿದ ಜಾಗಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಗಬೇಕು? ಪ್ರಶ್ನೆ ಏನಿದ್ದರೂ ಹೇಗೆ ತೋರಿಸುತ್ತಾರೆ ಎಂಬುದು.

ಚಾಟಮ್‌ನಲ್ಲಿ 1995ರಲ್ಲಿ ಒಂದು ಸೋಜಿಗ ನಡೆಯಿತು. ಗಾಡಿಚಕ್ರ ಮಾಡುತ್ತಿದ್ದ ಹಳೆಯ ಕಾರ್ಯಾಗಾರದ ನೆಲ ಕಿತ್ತು ನೋಡಿದಾಗ ಅದರ ಕೆಳಗೆ ಯುದ್ಧನೌಕೆಯೊಂದರ ತೊಲೆಗಳು ಸಾಲಾಗಿ ಮಲಗಿದ್ದವು. ಹದಿನೇಳು ವರ್ಷ ಕಳೆದ ಮೇಲೆ, 2012ರಲ್ಲಿ, ಅದು ಯಾವ ಹಡಗೆಂದು ಖಚಿತವಾಯಿತು: ನಾಮೂರ್. 1756ರಲ್ಲಿ ಚಾಟಮ್‌ನಲ್ಲೇ ನೀರಿಗಿಳಿದು, ಹಲವು ಯುದ್ಧ ಕಂಡು, 1833ರಲ್ಲಿ ಚಾಟಮ್‌ನಲ್ಲೇ ಒಡೆದ ಹಡಗು. ಅದರ ಮರವನ್ನು ಯಾರೋ ಎಸೆಯದೆ ನೆಲದಡಿಗೆ ಹಾಸಿದ್ದರು. ಕಡಿಯುವ ಕೈಗೂ ತನ್ನ ಕೆಲಸದ ಮೇಲೆ ಪ್ರೀತಿ ಇತ್ತೋ, ಅಥವಾ ಒಳ್ಳೆಯ ಮರ ಹಾಳಾಗದಿರಲಿ ಎಂಬ ಜಿಪುಣತನವೋ, ಎರಡರಲ್ಲಿ ಯಾವುದಾದರೂ ನನಗೆ ಒಪ್ಪಿಗೆ.

ಆ ಹಡಗಿನ ಮೇಲೆ ಜೇನ್ ಆಸ್ಟಿನ್‌ಳ ತಮ್ಮ ಚಾರ್ಲ್ಸ್ ಕ್ಯಾಪ್ಟನ್ ಆಗಿದ್ದ. ಸಾಹಿತ್ಯಪ್ರಿಯರಿಗೆ ಅದು ಸಂತೋಷದ ಸುದ್ದಿ. ಆದರೆ ನಾಮೂರ್‌ನ ಮೇಲೆ ಇನ್ನೊಬ್ಬನಿದ್ದ. ಓಲೌಡಾ ಎಕ್ವಿಯಾನೊ ಎಂಬ ಗುಲಾಮ ಹುಡುಗ. ನೌಕಾಪಡೆಯ ಲೆಫ್ಟಿನೆಂಟ್ ಒಬ್ಬ ಅವನನ್ನು ದುಡ್ಡು ಕೊಟ್ಟು ಕೊಂಡು, ಬೇರೆ ಹೆಸರಿಟ್ಟು, ಜೊತೆಗೆ ಕರೆದುಕೊಂಡು ತಿರುಗುತ್ತಿದ್ದ. 1759ರಲ್ಲಿ ಪೋರ್ಚುಗಲ್ ಕರಾವಳಿಯ ಲಾಗೋಸ್‌ನಲ್ಲಿ ಫ್ರೆಂಚರ ಜೊತೆ ಕಾದಾಟ ನಡೆದಾಗ ಈ ಹುಡುಗ ಫಿರಂಗಿಗೆ ಮದ್ದು ಹೊತ್ತು ಓಡಾಡುತ್ತಿದ್ದ. ಸುತ್ತ ಗುಂಡು, ಕಿಡಿ, ಕೈಯಲ್ಲಿ ಮದ್ದು. ಯುದ್ಧ ಮುಗಿದ ಮೇಲೆ ಬಿಡುಗಡೆ ಸಿಗುತ್ತದೆಂದು ನಂಬಿದ್ದ. 1762ರ ಕೊನೆಗೆ ಅವರಿದ್ದ ಬೇರೊಂದು ಹಡಗು ಡೆಟ್‌ಫರ್ಡ್‌ಗೆ ಬಂದಾಗ ಒಡೆಯ ಅವನನ್ನು ಇನ್ನೊಬ್ಬನಿಗೆ ಮಾರಿದ. ವರ್ಷಗಳ ನಂತರ ತನ್ನ ಬಿಡುಗಡೆಯನ್ನು ತಾನೇ ದುಡಿದು ಕೊಂಡುಕೊಂಡ ಎಕ್ವಿಯಾನೊ 1789ರಲ್ಲಿ ತನ್ನ ಜೀವನಕಥೆ ಪ್ರಕಟಿಸಿದ. ಗುಲಾಮಗಿರಿಯ ವಿರುದ್ಧದ ಹೋರಾಟಕ್ಕೆ ಅದು ದೊಡ್ಡ ಬಲವಾಯಿತು. ಚಾಟಮ್‌ನ ಆ ತೊಲೆಗಳ ಮುಂದೆ ನಿಂತು ಯಾರ ಹೆಸರನ್ನು ಮೊದಲು ಹೇಳಬೇಕು? ಲಾಗೋಸ್‌ನಲ್ಲಿ ಬ್ರಿಟಿಷ್ ದಂಡನ್ನು ನಡೆಸಿದ ಅಡ್ಮಿರಲ್ ಬೊಸ್ಕವೆನ್‌ನದೋ, ಆಸ್ಟಿನ್‌ನದೋ, ಮದ್ದು ಹೊತ್ತ ಹುಡುಗನದೋ? ಸಂರಕ್ಷಣೆಯ ನಿಜವಾದ ಜಗಳ ಇರುವುದು ಇಲ್ಲಿ. ಮರಕ್ಕೆ ರಾಸಾಯನಿಕ ಬಳಿಯುವುದು ತಜ್ಞರ ಕೆಲಸ. ಹೆಸರಿನ ಸರದಿ ನಿರ್ಧರಿಸುವುದು ಸಮಾಜದ ಕೆಲಸ.

ಚಾಟಮ್‌ನಲ್ಲಿ ಹೆಸರಿಲ್ಲದವರು ಬೇಕಾದಷ್ಟು ಜನ. 1860ರ ದಶಕದಿಂದ 1885ರವರೆಗೆ ಸೇಂಟ್ ಮೇರಿ ದ್ವೀಪದ ಜೌಗು ನೆಲವನ್ನು ಅಗೆದು ಮೂರು ಬೃಹತ್ ಕೊಳಗಳನ್ನು ಕಟ್ಟಿದರು. ಯಾರ್ಡ್ ಹಲವು ಪಟ್ಟು ಹಿಗ್ಗಿತು. ಅಗೆದವರು, ಇಟ್ಟಿಗೆ ಸುಟ್ಟವರು, ಕಲ್ಲು ಹೊತ್ತವರು ಬಹುಪಾಲು ಪಕ್ಕದ ಸೆರೆಮನೆಯ ಕೈದಿಗಳು. 1861ರಲ್ಲಿ ಆ ಸೆರೆಮನೆಯಲ್ಲಿ ದೊಡ್ಡ ದಂಗೆಯೇ ಆಗಿತ್ತು. ಇವತ್ತು ಅದೇ ದ್ವೀಪದಲ್ಲಿ ಒಳ್ಳೆಯ ಮನೆಗಳ ಬಡಾವಣೆ ಇದೆ, ನೀರಿನಂಚಿನ ನೋಟಕ್ಕೆ ಬೆಲೆಯೂ ಇದೆ.

ಹಗ್ಗದ ಕಾರ್ಖಾನೆಗೆ 1864ರಿಂದ ಹೆಂಗಸರನ್ನು ತೆಗೆದುಕೊಂಡರು, ನೂಲುವ ಯಂತ್ರ ನೋಡಿಕೊಳ್ಳಲು. ನಾವಿಕರ ವಿಧವೆಯರಿಗೆ ಹೆಣ್ಣುಮಕ್ಕಳಿಗೆ ಕೆಲಸ ಎಂದು ಉಪಕಾರದ ಬಣ್ಣ. ಗಂಡಸರ ಜೊತೆ ಬೆರೆಯದಿರಲಿ ಎಂದು ಅವರಿಗೆ ಬೇರೆಯೇ ಬಾಗಿಲು, ಬೇರೆಯೇ ವೇಳೆ. ಗಂಡಸರ ಕತೆಯೂ ಪೂರ್ತಿ ಹಸನಲ್ಲ. ಹಡಗು ಬಡಗಿಗಳಿಗೆ ಕೆಲಸದಲ್ಲಿ ಉಳಿದ ಚೆಕ್ಕೆಗಳನ್ನು ಮನೆಗೆ ಒಯ್ಯುವ ಹಕ್ಕು ಹಿಂದಿನಿಂದ ಇತ್ತು. ಚೆಕ್ಕೆ ಎನ್ನುವುದು ಬರಬರುತ್ತ ಹಲಗೆಯಾಯಿತು, ಒಳ್ಳೆಯ ಮರವನ್ನೇ ಚೆಕ್ಕೆಯ ಅಳತೆಗೆ ಕತ್ತರಿಸತೊಡಗಿದರು. 1801ರಲ್ಲಿ ಸರ್ಕಾರ ಹಕ್ಕನ್ನು ನಿಲ್ಲಿಸಿ ಬದಲಿಗೆ ಒಂದಿಷ್ಟು ಕಾಸು ಕೊಟ್ಟಿತು. ಕೂಲಿ ತಿಂಗಳುಗಟ್ಟಲೆ ಬಾಕಿ ಉಳಿಸಿಕೊಳ್ಳುತ್ತಿದ್ದ ಸರ್ಕಾರದ ಬಳಿ ದುಡಿಯುವವನಿಗೆ ಒಲೆಗೆ ಹಾಕುವ ಮರವೂ ಸಂಬಳದ ಭಾಗವೇ ಆಗಿರುತ್ತದೆ. ಇದೇ ಊರಲ್ಲಿ, ಹದಿನಾರನೇ ಶತಮಾನದ ಕೊನೆಯಲ್ಲೇ, ಗಾಯಗೊಂಡ ನಾವಿಕರ ನೆರವಿಗೆ ಅವರ ಸಂಬಳದಿಂದಲೇ ತಿಂಗಳಿಗಿಷ್ಟು ಮುರಿದು ಕೂಡಿಡುವ ಒಂದು ನಿಧಿ ಹುಟ್ಟಿತು. ದುಡ್ಡು ಇಡುತ್ತಿದ್ದ ಕಬ್ಬಿಣದ ಪೆಟ್ಟಿಗೆಗೆ ಹಲವು ಬೀಗ, ಬೀಗಕ್ಕೊಬ್ಬ ಅಧಿಕಾರಿ. ಕಾರ್ಮಿಕ ವಿಮೆಯ ಚರಿತ್ರೆ ಬರೆಯುವವರು ಇಲ್ಲಿಂದ ಶುರು ಮಾಡಬಹುದು.

ನೋವಿನ ಭಾಗವನ್ನು ಹೇಳದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಒಂದು ನಿದರ್ಶನವಿದೆ. ಕ್ಯಾಲಿಫೋರ್ನಿಯಾದ ಮೇರ್ ಐಲೆಂಡ್ ನೌಕಾಂಗಣ 1854ರಲ್ಲಿ ಆರಂಭವಾಗಿ 1996ರಲ್ಲಿ ಮುಚ್ಚಿತು. ಅಲ್ಲಿ 1918ರಲ್ಲಿ ವಾರ್ಡ್ ಎಂಬ ಡಿಸ್ಟ್ರಾಯರ್ ಹಡಗನ್ನು ಅಡಿಮರ ಇಟ್ಟ ಹದಿನೇಳೂವರೆ ದಿನಕ್ಕೆ ನೀರಿಗಿಳಿಸಿದ ದಾಖಲೆಯನ್ನು ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. 1944ರ ಜುಲೈ 17ರಂದು ಹತ್ತಿರದ ಪೋರ್ಟ್ ಚಿಕಾಗೋದಲ್ಲಿ ಮದ್ದುಗುಂಡು ತುಂಬುವಾಗ ಸ್ಫೋಟವಾಗಿ 320 ಜನ ಸತ್ತರು, ಅವರಲ್ಲಿ ಹೆಚ್ಚಿನವರು ಕಪ್ಪುಜನ. ಬದುಕುಳಿದವರನ್ನು ಮೇರ್ ಐಲೆಂಡಿಗೆ ತಂದು ಮತ್ತೆ ಅದೇ ಕೆಲಸಕ್ಕೆ ಹಚ್ಚಿದಾಗ 258 ಮಂದಿ ಒಲ್ಲೆವೆಂದರು. ಐವತ್ತು ಜನರನ್ನು ದಂಗೆಯ ಆರೋಪದ ಮೇಲೆ ಶಿಕ್ಷಿಸಲಾಯಿತು. ಅವರು ನಿರ್ದೋಷಿಗಳೆಂದು ನೌಕಾಪಡೆ ಘೋಷಿಸಿದ್ದು 2024ರ ಜುಲೈ 17ರಂದು, ಸರಿಯಾಗಿ ಎಂಬತ್ತು ವರ್ಷದ ಮೇಲೆ. ಹದಿನೇಳು ದಿನದ ದಾಖಲೆಯನ್ನು ಉಳಿಸಿ ಈ ಎಂಬತ್ತು ವರ್ಷವನ್ನು ಕೈಬಿಡುವ ವಸ್ತುಸಂಗ್ರಹಾಲಯ ನೌಕಾಪಡೆಯ ಜಾಹೀರಾತು ವಿಭಾಗವಾಗುತ್ತದೆ, ಅಷ್ಟೇ.

ಚಾಟಮ್‌ನ ಟ್ರಸ್ಟ್ ಹಿಡಿದ ದಾರಿ ಕಟ್ಟಡಗಳನ್ನು ಬಳಕೆಗೆ ಕೊಟ್ಟು ಉಳಿಸುವುದು. ಹಳೆಯ ಅಧಿಕಾರಿಗಳ ಮನೆಗಳಲ್ಲಿ ಜನ ವಾಸವಿದ್ದಾರೆ, ಕಾರ್ಯಾಗಾರಗಳಲ್ಲಿ ಸಣ್ಣ ಉದ್ದಿಮೆಗಳು, ಕೆಲವು ಕಡೆ ವಿಶ್ವವಿದ್ಯಾಲಯದ ತರಗತಿಗಳು. ಕಲ್ಲು ಹಾಸಿದ ಓಣಿಗಳಲ್ಲಿ ಸಿನಿಮಾ ಚಿತ್ರೀಕರಣ ನಡೆಯುತ್ತದೆ. ಕಾಲ್ ದ ಮಿಡ್‌ವೈಫ್ ಧಾರಾವಾಹಿ ನೋಡಿದವರು ತಮಗೇ ಗೊತ್ತಿಲ್ಲದೆ ಚಾಟಮ್ ನೋಡಿದ್ದಾರೆ. ಇದನ್ನು ಕಂಡು ಮೂಗು ಮುರಿಯುವವರುಂಟು. ನಾನು ಆ ಗುಂಪಿನವನಲ್ಲ. ಖಾಲಿ ಬಿಟ್ಟ ಕಟ್ಟಡದಷ್ಟು ಬೇಗ ಯಾವ ಕಟ್ಟಡವೂ ಬೀಳುವುದಿಲ್ಲ. ಕಿಟಕಿ ತೆರೆದು ಮುಚ್ಚುವವರು, ಸೋರಿದಾಗ ಕೂಗಿಕೊಳ್ಳುವವರು ಒಳಗಿದ್ದರೇನೇ ಸೂರು ನಿಲ್ಲುವುದು. 1838ರಲ್ಲಿ ಹಡಗು ಕಟ್ಟುವ ಜಾಗಕ್ಕೆ ಮಳೆ ಬೀಳದಿರಲೆಂದು ಹೊದಿಸಿದ ಮರದ ಮಹಾಛಾವಣಿ, ಅದರ ಪಕ್ಕದ ಕಬ್ಬಿಣದ ಛಾವಣಿಗಳು ದುಡ್ಡಿಲ್ಲದೆ ಇವತ್ತಿಗೆ ನಿಲ್ಲುತ್ತಿರಲಿಲ್ಲ. ಆದರೆ ಬಾಡಿಗೆ ಎಂಬುದು ಸಾಧನ. ಬಾಡಿಗೆದಾರನ ಕಾಫಿ ಅಂಗಡಿಯಲ್ಲಿ ಕೂತವನಿಗೆ ತಾನು ಎಲ್ಲಿ ಕೂತಿದ್ದೇನೆ ಎಂದು ತಿಳಿಸುವ ಹೊಣೆ ಅದರಿಂದ ತೀರುವುದಿಲ್ಲ.

ಆ ಹೊಣೆಯನ್ನು ಅತ್ಯಂತ ಚೆನ್ನಾಗಿ ನಿಭಾಯಿಸಿರುವುದು ಹಗ್ಗದ ಕಾರ್ಖಾನೆ. 1811ರ ಯಂತ್ರವೊಂದು ಅಲ್ಲಿ ಈಗಲೂ ತಿರುಗುತ್ತದೆ. ಹೊಸೆದ ಹಗ್ಗವನ್ನು ಮಾರುತ್ತಾರೆ, ಕೊಳ್ಳುವವರಿದ್ದಾರೆ. ನೋಡಲು ಬಂದವರ ಮುಂದೆ ನಟನೆಗೆಂದು ಹೊಸೆದದ್ದಲ್ಲ ಅದು. ಗಾಡಿ ಕಂಬಿಯ ಮೇಲೆ ಯಾವ ವೇಗದಲ್ಲಿ ಸರಿಯಬೇಕು, ಹುರಿ ಯಾವಾಗ ಸಾಕಷ್ಟು ಬಿಗಿಯಾಯಿತು, ಇವೆಲ್ಲ ಬರೆದಿಟ್ಟು ಕಲಿಯುವ ಸಂಗತಿಗಳಲ್ಲ. ಪಕ್ಕದಲ್ಲಿ ನಿಂತವನ ಕೈ ನೋಡಿ ಕೈಗೆ ಬರಬೇಕು. ಒಂದು ತಲೆಮಾರು ನಡುವೆ ತಪ್ಪಿದರೆ ಯಂತ್ರ ಉಳಿದರೂ ಹಗ್ಗ ಆಗುವುದಿಲ್ಲ. ಚಾಟಮ್‌ನಲ್ಲಿ ಅದು ತಪ್ಪಲಿಲ್ಲ.

ಹಾಗೆಂದು ಸಮಾಧಾನಪಡುವಷ್ಟರಲ್ಲಿ ಒಂದು ವ್ಯಂಗ್ಯ ಎದುರಾಗುತ್ತದೆ. ಕೈದಿಗಳು ಅಗೆದ ಕೊಳಗಳಲ್ಲಿ ಒಂದು 1984ರ ನಂತರ ವಾಣಿಜ್ಯ ಬಂದರಾಗಿ ಮುಂದುವರಿಯಿತಲ್ಲ, ಅಲ್ಲಿ ಇತ್ತೀಚಿನವರೆಗೂ ಉಕ್ಕು ಬರುತ್ತಿತ್ತು, ಸರಕು ಇಳಿಯುತ್ತಿತ್ತು, ಜನ ದುಡಿಯುತ್ತಿದ್ದರು. ಕೆಲವು ವರ್ಷಗಳ ಹಿಂದೆ ಮಾಲೀಕ ಕಂಪನಿ ಬಂದರನ್ನು ಮುಚ್ಚಿ ಜಾಗವನ್ನು ಹೊಸದಾಗಿ ಅಭಿವೃದ್ಧಿ ಮಾಡುವ ಯೋಜನೆ ಮುಂದಿಟ್ಟಿತು. ಅಲ್ಲಿನ ಉದ್ದಿಮೆಗಳೂ ಕಾರ್ಮಿಕರೂ ಬಂದರು ಉಳಿಸಿ ಎಂದು ಬೀದಿಗಿಳಿದರು. ಒಂದು ಕೂಗಳತೆಯಲ್ಲಿ ಸತ್ತ ಹಡಗುಗಳ ಕೆಲಸವನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿರುವಾಗ, ಬದುಕಿರುವ ಕೆಲಸಕ್ಕೆ ಯಾವ ಟ್ರಸ್ಟೂ ಇಲ್ಲ, ಯಾವ ಮೂಲಧನವೂ ಇಲ್ಲ. ಕಾರ್ಮಿಕ ಚರಿತ್ರೆಯಾದ ಮೇಲೆ ಗೌರವ, ಅಲ್ಲಿಯವರೆಗೆ ಲೆಕ್ಕಪತ್ರದ ಒಂದು ಸಾಲು. ಪರಂಪರೆಯನ್ನು ಪ್ರೀತಿಸುವವರು ಈ ಪ್ರಶ್ನೆಗೆ ಉತ್ತರ ಕೊಡಬೇಕು. ಬಂದರು ಅರ್ಥಶಾಸ್ತ್ರದ ವಿಷಯ, ಮ್ಯೂಸಿಯಂ ಸಂಸ್ಕೃತಿಯ ವಿಷಯ ಎಂದು ವಿಂಗಡಿಸಿ ಕೈತೊಳೆದುಕೊಳ್ಳುವುದು ಸುಲಭ, ಆದರೆ ಇದ್ದ ಒಂದೇ ಅಂಗಳವನ್ನು ಹಾಗೆ ಸೀಳಿದ್ದು ನಾವೇ, ನದಿಯಲ್ಲ.

ನಮ್ಮ ಕಡೆಗೆ ಬಂದರೆ, ವಿಕ್ರಾಂತ್‌ನ ನೆನಪು ಇನ್ನೂ ಹಸಿಯಾಗಿದೆ. 1971ರ ಯುದ್ಧದಲ್ಲಿ ಪಾಲ್ಗೊಂಡ ಆ ವಿಮಾನವಾಹಕ ಹಡಗು 1997ರಲ್ಲಿ ನಿವೃತ್ತವಾಯಿತು, ಕೆಲವು ವರ್ಷ ಮುಂಬೈಯಲ್ಲಿ ಮ್ಯೂಸಿಯಂ ಆಗಿತ್ತು, 2012ರಲ್ಲಿ ಬಾಗಿಲು ಮುಚ್ಚಿತು, 2014ರಲ್ಲಿ ಸುಮಾರು 60 ಕೋಟಿ ರೂಪಾಯಿಗೆ ಗುಜರಿಗೆ ಹೋಯಿತು. ಅದರ ಉಕ್ಕನ್ನು ಬಳಸಿದ್ದೇವೆಂದು ಬೈಕ್ ಕಂಪನಿಯೊಂದು ಜಾಹೀರಾತು ಕೊಟ್ಟಾಗ ನಾವೆಲ್ಲ ರೋಮಾಂಚನಗೊಂಡೆವು. ದುಡ್ಡಿನ ಏರ್ಪಾಡಿಲ್ಲದೆ ಅಭಿಮಾನವೊಂದನ್ನೇ ನೆಚ್ಚಿಕೊಂಡರೆ ಕೊನೆಗೆ ಸಿಗುವುದು ಪೆಟ್ರೋಲ್ ಟ್ಯಾಂಕ್.

ಮುಂಬೈಯ ಡಾಕ್‌ಯಾರ್ಡಿನದು ಬೇರೆಯೇ ಸ್ಥಿತಿ. 1736ರಲ್ಲಿ ಸೂರತ್‌ನಿಂದ ಬಂದ ಲವ್ಜಿ ನಸರ್ವಾನ್‌ಜಿ ವಾಡಿಯಾ ಮತ್ತವನ ಸಂತತಿ ಕಟ್ಟಿ ಬೆಳೆಸಿದ ಆ ಯಾರ್ಡ್‌ನಲ್ಲಿ ಹದಿನೆಂಟು, ಹತ್ತೊಂಬತ್ತನೇ ಶತಮಾನದ ಒಣ ಡಾಕುಗಳು ಇವತ್ತಿಗೂ ನೌಕಾಪಡೆಯ ಕೈಯಲ್ಲಿ ದುಡಿಯುತ್ತಿವೆ. ಅಲ್ಲೇ 1817ರಲ್ಲಿ ತೇಗದಲ್ಲಿ ಕಟ್ಟಿದ ಟ್ರಿಂಕೋಮಲಿ ಹಡಗು ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ಇನ್ನೂ ತೇಲುತ್ತಿದೆ. ಹಡಗನ್ನು ಟಿಕೆಟ್ ಕೊಂಡು ಯಾರು ಬೇಕಾದರೂ ನೋಡಬಹುದು. ಅದು ಹುಟ್ಟಿದ ಡಾಕನ್ನು ನೋಡಲು ನೌಕಾಪಡೆಯ ಅನುಮತಿ ಬೇಕು. ಕೆಲಸ ನಿಲ್ಲದ ಯಾರ್ಡೇ ಅತ್ಯುತ್ತಮವಾಗಿ ಉಳಿದ ಯಾರ್ಡ್ ಎಂದು ನಾನು ವಾದಿಸುತ್ತಿರುವುದರಿಂದ ಈ ಬೀಗವನ್ನು ದೂರಲಾರೆ. ಆದರೆ ಒಳಗಿನ ಮೇಸ್ತ್ರಿಗಳ, ವೆಲ್ಡರ್‌ಗಳ, ಫಿಟ್ಟರ್‌ಗಳ ಮಾತನ್ನು ದಾಖಲಿಸಿಕೊಳ್ಳಲು ಬೀಗ ತೆಗೆಯಬೇಕಾಗಿಲ್ಲ. ನಿವೃತ್ತರಾಗಿ ಹೊರಬಂದವರು ಪ್ರತಿವರ್ಷ ಸಿಗುತ್ತಾರೆ.

ಕಾರವಾರದಲ್ಲಿ ಇದು ಇನ್ನೂ ಹತ್ತಿರದ ಮಾತು. ಟ್ಯಾಗೋರ್ ಕಡಲತೀರದಲ್ಲಿ ಚಾಪಲ್ ಎಂಬ ನಿವೃತ್ತ ಕ್ಷಿಪಣಿ ದೋಣಿಯನ್ನು ದಡಕ್ಕೆ ತಂದು ಮ್ಯೂಸಿಯಂ ಮಾಡಿದ್ದಾರೆ. ಶಾಲಾ ಮಕ್ಕಳು ಸಾಲುಗಟ್ಟಿ ಹತ್ತಿ ಇಳಿಯುತ್ತಾರೆ. ಅಲ್ಲಿಂದ ದಕ್ಷಿಣಕ್ಕೆ ಸೀಬರ್ಡ್ ನೆಲೆಯಿದೆ, ಅದರೊಳಗೆ ಹಡಗು ದುರಸ್ತಿಯ ಯಾರ್ಡ್ ಇದೆ. ಆ ನೆಲೆಗೆ ಜಾಗ ಬಿಟ್ಟು ಎದ್ದವು ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು: ಮೀನುಗಾರರು, ಗದ್ದೆ ಮಾಡುತ್ತಿದ್ದವರು, ಪರಿಹಾರಕ್ಕಾಗಿ ವರ್ಷಾನುಗಟ್ಟಲೆ ಕೋರ್ಟು ಹತ್ತಿದವರು. ಚಾಪಲ್‌ನ ಒಳಗೆ ಕ್ಷಿಪಣಿಯ ಉದ್ದ, ತೂಕ, ದೂರ ಎಲ್ಲ ಬರೆದಿದ್ದರೆ ಸಾಲದು. ಎದ್ದ ಊರುಗಳ ಹೆಸರನ್ನು ಅದೇ ಗೋಡೆಯ ಮೇಲೆ ಬರೆಯಲು ಜಾಗವಿದೆ, ಹೇಳಬಲ್ಲ ಹಿರಿಯರು ಅಂಕೋಲಾ, ಕಾರವಾರದ ಪುನರ್ವಸತಿ ಕಾಲೊನಿಗಳಲ್ಲಿ ಇನ್ನೂ ಇದ್ದಾರೆ. ಚಾಟಮ್‌ನ ಕೈದಿಗಳನ್ನು ಕೇಳಲು ಈಗ ಯಾರಿಗೂ ಸಾಧ್ಯವಿಲ್ಲ. ಇವರನ್ನು ಕೇಳಲು ಕಾರವಾರದಿಂದ ಒಂದು ಬಸ್ಸು ಹತ್ತಿದರೆ ಸಾಕು.